ಚಾಪ್ಲಿನ್ ನಡೆದ ರಸ್ತೆಯಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಬಂದ ನಮ್ಮಂಥ ಅಪ್ಪ ಅಮ್ಮಂದಿರಿಗೆ ಒಂದು ದಿನಚರಿ ಇರುತ್ತೆ. ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು. ಅಲ್ಲೇ ಸಿಕ್ಕ ಮಂಡ್ಯದವರ ಜೊತೆಯೋ ಹುಬ್ಬಳ್ಳಿಯವರ ಜೊತೆಯೋ ಮಂಡಿ ನೋವಿನ ಮಾತು. ಮಧ್ಯಾಹ್ನ ಒಂದು ನಿದ್ದೆ. ವಾರಾಂತ್ಯಕ್ಕೆ ಲಿವರ್‌ಮೋರ್ ದೇವಸ್ಥಾನ, ಬರುವಾಗ ಕಾಸ್ಟ್ಕೋ.

ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದಾನೆ, ಒಂಬತ್ತು ವರ್ಷದಿಂದ. ನಾವು ಬರುವ ಮೊದಲೇ ಪಟ್ಟಿ ಮಾಡಿಟ್ಟಿದ್ದ: ಗೋಲ್ಡನ್ ಗೇಟ್ ಸೇತುವೆ, ಯೊಸೆಮಿಟಿ, ಲಾಸ್ ವೇಗಸ್. ನಾನೂ ಒಂದು ಪಟ್ಟಿ ತಂದಿದ್ದೆ, ಹಳೇ ಪೇ-ಇನ್ ಚಲನ್ನಿನ ಹಿಂದೆ ಬರೆದು. ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕ್ಯಾಷ್ ಕೌಂಟರ್‌ನಲ್ಲಿ ಕೂತವನ ಮನೆಯಲ್ಲಿ ಬರೆಯೋಕೆ ಬೇರೆ ಕಾಗದ ಎಲ್ಲಿರುತ್ತೆ? ಮಗ ನೋಡಿದ. “ಅಪ್ಪ, ಇದರಲ್ಲಿ ಒಂದೂ ನನಗೆ ಗೊತ್ತಿಲ್ಲ” ಅಂದ. ಆಮೇಲೆ ಮೊದಲನೇ ಹೆಸರು ನೋಡಿ ನಕ್ಕ. “ನೈಲ್ಸಾ? ಇಲ್ಲಿಂದ ಹತ್ತು ನಿಮಿಷ. ಅಲ್ಲಿ ಹಳೇ ಸಾಮಾನಿನ ಅಂಗಡಿಗಳಿವೆ, ಅಷ್ಟೇ.”

ಆ ಪಟ್ಟಿ ಹುಟ್ಟಿದ್ದು ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಅನ್ನಬೇಕು. ಸುಗ್ಗಿ ಮುಗಿದ ಮೇಲೆ ಟೂರಿಂಗ್ ಟಾಕೀಸ್ ಬರುತ್ತಿತ್ತು. ಟೆಂಟಿನ ಹಿಂದೆ ಬಿದ್ದಿರುತ್ತಿದ್ದ ಫಿಲ್ಮಿನ ಚೂರು ಆಯ್ದುಕೊಂಡು ಬರುತ್ತಿದ್ದೆವು. ಸುಟ್ಟುಹೋದ ಬಲ್ಬಿನ ತಲೆ ಒಡೆದು, ಒಳಗಿನ ತಂತಿ ತೆಗೆದು, ನೀರು ತುಂಬಿಸಿದರೆ ಅದೇ ನಮ್ಮ ಲೆನ್ಸು. ಹೊರಗೆ ಬಿಸಿಲಲ್ಲಿ ಒಬ್ಬ ಕನ್ನಡಿ ಹಿಡಿಯಬೇಕು. ಕತ್ತಲೆ ಕೋಣೆಯ ಗೋಡೆಯ ಮೇಲೆ ರಾಜ್‌ಕುಮಾರ್ ತಲೆಕೆಳಗಾಗಿ ಮೂಡುತ್ತಿದ್ದರು. ಅಲುಗಾಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನನ್ನ ಮಟ್ಟಿಗೆ ಮೊದಲ ಮೂಕಿ ಸಿನಿಮಾ ಅದೇ.

ಮುಂದೆ ಬೆಂಗಳೂರಿಗೆ ಬಂದ ಮೇಲೆ ಸುಚಿತ್ರಾ ಫಿಲ್ಮ್ ಸೊಸೈಟಿಯಲ್ಲಿ ಮೂಕಿ ಕಾಲದ ಹಾಸ್ಯನಟ ಬಸ್ಟರ್ ಕೀಟನ್ ಸಿಕ್ಕಿದ. ಅಲ್ಲಿಂದ ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಮೊದಲ ಶನಿವಾರ, ನೈಲ್ಸ್

ಫ್ರೀಮಾಂಟ್ ಮೊದಲು ಒಂದು ಊರಲ್ಲ, ಐದು ಊರು. 1956ರಲ್ಲಿ ಸೇರಿಸಿ ಒಂದು ಮಾಡಿದರು. ಆ ಐದರಲ್ಲಿ ನೈಲ್ಸ್ ಒಂದು. ಉದ್ದಕ್ಕೆ ಒಂದು ರಸ್ತೆ, ಪಕ್ಕದಲ್ಲೇ ರೈಲು ಹಳಿ, ಹಿಂದೆ ಒಣ ಹುಲ್ಲಿನ ಗುಡ್ಡ. ಗುಡ್ಡದ ಮೇಲೆ ದೊಡ್ಡ ಬಿಳಿ ಅಕ್ಷರಗಳಲ್ಲಿ ಊರಿನ ಹೆಸರು, ಥೇಟ್ ಹಾಲಿವುಡ್ ಥರ. ಸುಮ್ನೆ ಜಂಬಕ್ಕೆ ಬರೆದುಕೊಂಡದ್ದಲ್ಲ. 1912ರಿಂದ 1916ರವರೆಗೆ ಇಲ್ಲಿ ಎಸ್ಸನೇ ಕಂಪನಿ 350ಕ್ಕೂ ಜಾಸ್ತಿ ಸಿನಿಮಾ ತೆಗೆದಿದೆ. ಒಂದೋ ಎರಡೋ ರೀಲಿನವೇ ಹೆಚ್ಚು. ಸ್ಪೂರ್ ಮತ್ತು ಆ್ಯಂಡರ್ಸನ್ ಅನ್ನೋ ಇಬ್ಬರು ಪಾಲುದಾರರ ಹೆಸರಿನ ಮೊದಲಕ್ಷರ ‘ಎಸ್’ ಮತ್ತು ‘ಎ’ ಸೇರಿ ಎಸ್ಸನೇ ಆಯಿತು.

ಈಗ ಅಲ್ಲಿರೋದು ಎಸ್ಸನೇ ಮೂಕಿ ಸಿನಿಮಾ ಮ್ಯೂಸಿಯಂ. ಅದರೊಳಗೆ 1913ರ ಎಡಿಸನ್ ಥಿಯೇಟರ್. ಶನಿವಾರ ಸಂಜೆ ಅಲ್ಲಿ ಮೂಕಿ ಸಿನಿಮಾ ಹಾಕುತ್ತಾರೆ, ಪಿಯಾನೋ ಸಮೇತ. ಜೂನ್‌ನಲ್ಲಿ ಚಾಪ್ಲಿನ್ ಹೆಸರಿನ ಹಬ್ಬವನ್ನೂ ಮಾಡುತ್ತಾರೆ, ಮಕ್ಕಳೆಲ್ಲ ಮೀಸೆ ಅಂಟಿಸಿಕೊಂಡು ಬರುತ್ತಾರೆ. ನಾವು ಹೋಗುವ ಹಿಂದಿನ ವಾರ ಅದು ಮುಗಿದಿತ್ತು. ವಿಮಾನದ ಟಿಕೆಟ್ ನಾನೇ ಆರಿಸಿದ್ದು. ಯಾರನ್ನ ಬೈಯಲಿ?

ಥಿಯೇಟರ್ ಅಂದರೆ ನಮ್ಮೂರ ಸಮುದಾಯ ಭವನದಷ್ಟು ಇರಬಹುದು. ಮಡಚೋ ಸೀಟು, ಸಣ್ಣ ಪರದೆ, ಎಡಗಡೆ ಪಿಯಾನೋ. ಬಂದವರಲ್ಲಿ ಅರ್ಧ ನನ್ನ ವಯಸ್ಸಿನವರು, ಇನ್ನರ್ಧ ಕಾಲೇಜು ಹುಡುಗರು. ನಡುವಿನವರು ಎಲ್ಲಿ ಹೋಗುತ್ತಾರೋ, ನಮ್ಮ ಸಂಗೀತ ಕಚೇರಿಗಳಲ್ಲೂ ಇದೇ ಕತೆ. ಟಿಕೆಟ್ ಕೊಡೋದು, ಪಾಪ್‌ಕಾರ್ನ್ ತುಂಬೋದು, ರೀಲು ಹಾಕೋದು ಎಲ್ಲ ಅಲ್ಲಿನ ಅಭಿಮಾನಿಗಳೇ. ಸಂಬಳ ಇಲ್ಲ.

ಆವತ್ತು ಮೊದಲು ಹಾಕಿದ್ದು ಕೀಟನ್‌ನ ‘ಒನ್ ವೀಕ್’. 1920ರದ್ದು, ಇಪ್ಪತ್ತೇ ನಿಮಿಷ. ನಾನು ಕಂಪ್ಯೂಟರಿನಲ್ಲಿ ಹತ್ತು ಸಲವಾದರೂ ನೋಡಿರಬೇಕು. ಹೊಸದಾಗಿ ಮದುವೆಯಾದವರಿಗೆ ಉಡುಗೊರೆಯಾಗಿ ಒಂದು ಮನೆ ಬರುತ್ತೆ, ಬಿಡಿಬಿಡಿಯಾಗಿ, ನಂಬರ್ ಹಾಕಿದ ಪೆಟ್ಟಿಗೆಗಳಲ್ಲಿ. ಹುಡುಗಿ ಕೈತಪ್ಪಿದ ಹೊಟ್ಟೆಕಿಚ್ಚಿಗೆ ಇನ್ನೊಬ್ಬ ಬಂದು ನಂಬರ್ ಅದಲುಬದಲು ಮಾಡಿ ಹೋಗುತ್ತಾನೆ. ಇವನು ನಂಬರಿನ ಪ್ರಕಾರವೇ ಜೋಡಿಸುತ್ತಾನೆ. ಮುಂದಿನದು ಊಹಿಸಿಕೊಳ್ಳಿ.

ಮೂಕಿ ಸಿನಿಮಾದಲ್ಲಿ ನಡುನಡುವೆ ಬರಹದ ಕಾರ್ಡು ಬರುತ್ತಲ್ಲ, ನನ್ನಾಕೆಗೆ ಆ ಇಂಗ್ಲಿಷನ್ನು ಅಷ್ಟು ಬೇಗ ಓದೋಕೆ ಆಗೋದಿಲ್ಲ. ಎಂಟು ವರ್ಷದ ಮೊಮ್ಮಗಳು ಪುಟ್ಟಿ ಅವಳ ಕಿವಿಗೆ ಬಾಯಿಟ್ಟು ಓದಿ ಹೇಳತೊಡಗಿದಳು.

“ಅಜ್ಜಿ, ಅವ್ರಿಗೆ ಮನೆ ಗಿಫ್ಟ್ ಬಂತು. ಬಾಕ್ಸಲ್ಲಿ.”

“ಮನೆ ಬಾಕ್ಸಲ್ಲಿ ಬರುತ್ತೇನೇ?”

“ಶ್! ಬರುತ್ತೆ.”

ನನ್ನ ತಾತ ಹೇಳುತ್ತಿದ್ದದ್ದು ನೆನಪಾಯಿತು. ಅವರು ಹುಡುಗರಾಗಿದ್ದಾಗ ಮೂಕಿ ಸಿನಿಮಾಕ್ಕೆ ಹೋದರೆ ಓದು ಬಂದವರು ಕಾರ್ಡನ್ನು ಗಟ್ಟಿಯಾಗಿ ಓದುತ್ತಿದ್ದರಂತೆ, ಸುತ್ತ ಇದ್ದವರಿಗೆಲ್ಲ ಕೇಳಲಿ ಅಂತ. ಆ ಓದೋ ಗಲಾಟೆಯೇ ಅರ್ಧ ಸಿನಿಮಾ. ಮುಂದಿನ ಸಾಲಿನವರು ಪುಟ್ಟಿಯ ಕಡೆ ಒಂದು ಸಲ ತಿರುಗಿ ನೋಡಿದರು. ಬೈಯಲಿಲ್ಲ, ನಕ್ಕರು.

ಮನೆ ಎದ್ದು ನಿಂತಿತು. ಬಾಗಿಲು ಮೇಲಿನ ಮಹಡಿಯಲ್ಲಿ, ಗೋಡೆ ಸೊಟ್ಟ, ಕಿಟಕಿ ಓರೆ. “ನಮ್ಮ ಮೇಸ್ತ್ರಿ ಕಟ್ಟಿದ್ದೂ ಹೀಗೇ ಇತ್ತಲ್ರೀ” ಅಂದಳು ನನ್ನಾಕೆ, ಸ್ವಲ್ಪ ಜೋರಾಗಿಯೇ. ಆಮೇಲೆ ಬಿರುಗಾಳಿ. ಮನೆ ಬುಗುರಿಯಂತೆ ಗಿರಗಿರ ತಿರುಗುತ್ತೆ. ಅದರೊಳಗಿಂದ ನೆಂಟರು ಒಬ್ಬೊಬ್ಬರಾಗಿ ಹೊರಗೆ ಎಸೆಯಲ್ಪಡುತ್ತಾರೆ. ಕಂಪ್ಯೂಟರ್ ಇಲ್ಲದ ಕಾಲ. ನಿಜವಾದ ಮನೆಯನ್ನೇ ತಿರುಗೋ ಕಟ್ಟೆಯ ಮೇಲೆ ಕಟ್ಟಿ ತಿರುಗಿಸಿದ್ದಾರೆ.

ಕೊನೆಗೆ ಮನೆಯನ್ನು ಎಳೆದುಕೊಂಡು ಹೋಗುವಾಗ ಅದು ರೈಲು ಹಳಿಯ ಮೇಲೆ ಸಿಕ್ಕಿಕೊಳ್ಳುತ್ತೆ. ದೂರದಲ್ಲಿ ರೈಲು. ಗಂಡ ಹೆಂಡತಿ ಹಿಂದೆ ಸರಿದು ಕಣ್ಣು ಮುಚ್ಚಿಕೊಳ್ಳುತ್ತಾರೆ. ಪಿಯಾನೋದವರು ಅಲ್ಲಿಯವರೆಗೆ ಎರಡೂ ಕೈಯಲ್ಲಿ ರೈಲಿನ ಸದ್ದನ್ನು ಬಾರಿಸುತ್ತಿದ್ದವರು ತಟ್ಟನೆ ನಿಲ್ಲಿಸಿದರು. ಅವರ ಮುಂದೆ ನೊಟೇಶನ್ ಹಾಳೆ ಇರಲಿಲ್ಲ. ಕಣ್ಣು ಪೂರ್ತಿ ಪರದೆಯ ಮೇಲೆ, ಕೈ ಮಾತ್ರ ಗಾಳಿಯಲ್ಲಿ. ರೈಲು ಪಕ್ಕದ ಹಳಿಯಲ್ಲಿ ಹೊರಟುಹೋಯಿತು. ಎಲ್ಲರೂ ಉಸಿರು ಬಿಟ್ಟರು. ಪಿಯಾನೋದಲ್ಲಿ ಒಂದೇ ಒಂದು ಸಣ್ಣ ಸ್ವರ. ಅಷ್ಟರಲ್ಲಿ ಎದುರಿನಿಂದ ಇನ್ನೊಂದು ರೈಲು ಬಂದು ಮನೆಯನ್ನು ಪುಡಿಪುಡಿ ಮಾಡಿತು.

ಹತ್ತು ಸಲ ನೋಡಿದ್ದೆ ಅಂದೆನಲ್ಲ. ಎರಡನೇ ರೈಲು ಬರುತ್ತೆ ಅಂತ ಚೆನ್ನಾಗಿ ಗೊತ್ತಿತ್ತು. ಆದರೂ ಆ ಸಣ್ಣ ಸ್ವರ ನನ್ನನ್ನು ಏಮಾರಿಸಿತು, ಸೀಟಿನಿಂದ ಎದ್ದೇ ಬಿಟ್ಟೆ. ಒಬ್ಬನೇ ಕೂತು ನೋಡುವಾಗ ನಾನು ಒಂದು ಸಲವೂ ಗಟ್ಟಿಯಾಗಿ ನಕ್ಕಿರಲಿಲ್ಲ. ಇಲ್ಲಿ ಕೆಮ್ಮು ಬರುವಷ್ಟು ನಕ್ಕೆ.

ಆಮೇಲೆ ಒಂದು ದೊಡ್ಡ ಸಿನಿಮಾ ಇತ್ತು. ಅದರ ಬಗ್ಗೆ ಏನೂ ಬರೆಯಲಾರೆ. ವಿಮಾನ ಇಳಿದು ನಾಲ್ಕೇ ದಿನ ಆಗಿತ್ತು, ನಿದ್ದೆ ಎಳೆದುಕೊಂಡು ಹೋಯಿತು. ಹೊರಗೆ ಹಳಿಯ ಮೇಲೆ ನಿಜವಾದ ಗೂಡ್ಸ್ ರೈಲು ಕೂಗಿದಾಗಲೇ ಎಚ್ಚರ. ಪರದೆಯ ಮೇಲೆ ಯಾರೋ ಇಬ್ಬರು ಮುತ್ತಿಡುತ್ತಿದ್ದರು.

ಭಾನುವಾರ, ಮತ್ತೆ ನೈಲ್ಸ್

ಮಧ್ಯಾಹ್ನ ಮ್ಯೂಸಿಯಂ ನೋಡೋಕೆ ಅಂತ ಮತ್ತೆ ಹೋದೆವು. ಸೊಸೆ ಮನೆಯಲ್ಲೇ ಉಳಿದಳು, “ನೀವು ಹೋಗ್ಬನ್ನಿ ಮಾವ” ಅಂತ. ಅವಳಿಗೂ ಒಂದು ಭಾನುವಾರ ಬೇಡವೇ?

ಅಲ್ಲಿದ್ದ ವಯಸ್ಸಾದ ಸ್ವಯಂಸೇವಕರೊಬ್ಬರು ನನ್ನ ಮುಖ ನೋಡಿಯೇ ಇದು ಅದೇ ಜಾತಿಯ ಗಿರಾಕಿ ಅಂತ ಕಂಡುಹಿಡಿದರು. ಹಿಡಿಕೆ ತಿರುಗಿಸೋ ಹಳೇ ಕ್ಯಾಮೆರಾದ ಮುಂದೆ ನಿಲ್ಲಿಸಿದರು. ಹಿಡಿಕೆ ಒಂದು ಸುತ್ತು ತಿರುಗಿದರೆ ಎಂಟು ಚಿತ್ರ. ಸೆಕೆಂಡಿಗೆ ಎರಡು ಸುತ್ತು. ಅಂದರೆ ಹದಿನಾರು. ಗಡಿಯಾರ ನೋಡುತ್ತ ತಿರುಗಿಸೋಕೆ ಆಗುತ್ತದೆಯೇ? ಕ್ಯಾಮೆರಾದವರು ಮನಸ್ಸಿನಲ್ಲೇ ಒಂದು ಹಾಡು ಗುನುಗಿಕೊಂಡು ತಾಳ ಹಿಡಿಯುತ್ತಿದ್ದರಂತೆ. ನನ್ನ ಕೈಗೆ ಹಿಡಿಕೆ ಕೊಟ್ಟರು. ನಾನು ನೋಟು ಎಣಿಸೋ ಲಯದಲ್ಲಿ ತಿರುಗಿಸಿದೆ. “ಬಹಳ ಜೋರಾಯಿತು” ಅಂದರು. ಕೌಂಟರ್ ಮುಂದೆ ಕ್ಯೂ ಇದ್ದವನ ಕೈ, ಏನು ಮಾಡೋದು.

ಮೂಕಿ ಸಿನಿಮಾ ಅಂದರೆ ಎಲ್ಲರೂ ಓಡೋ ಹಾಗೆ ನಡೀತಾರೆ ಅಂತ ನಮ್ಮಲ್ಲಿ ತಮಾಷೆ ಮಾಡುತ್ತಾರಲ್ಲ, ಅದರ ಗುಟ್ಟೂ ಇಲ್ಲೇ ಇದೆ. ಹದಿನಾರು, ಹದಿನೆಂಟರ ವೇಗದಲ್ಲಿ ತೆಗೆದದ್ದನ್ನು ಮುಂದೆ ಟಾಕಿಗಳ ಇಪ್ಪತ್ತನಾಲ್ಕರ ವೇಗದಲ್ಲಿ ಓಡಿಸಿದರೆ ಇನ್ನೇನಾಗುತ್ತೆ? ತಪ್ಪು ಅವರ ನಡಿಗೆಯದಲ್ಲ, ನಮ್ಮ ಪ್ರೊಜೆಕ್ಟರಿನದು. ಹಿಂದಿನ ರಾತ್ರಿ ನೈಲ್ಸ್‌ನಲ್ಲಿ ಯಾರೂ ಓಡುತ್ತಿರಲಿಲ್ಲ. ಕೀಟನ್ ಮನುಷ್ಯರ ಥರವೇ ನಡೆದ, ಮನುಷ್ಯರ ಥರವೇ ಬಿದ್ದ.

ಚಾಪ್ಲಿನ್ ಇಲ್ಲಿದ್ದದ್ದು 1915ರ ಮೊದಲ ಕೆಲವು ತಿಂಗಳು ಮಾತ್ರ. ವಾರಕ್ಕೆ 1,250 ಡಾಲರ್ ಸಂಬಳ. ಐದು ಸಿನಿಮಾ ತೆಗೆದ, ಅದರಲ್ಲಿ ‘ದಿ ಟ್ರ್ಯಾಂಪ್’ ಒಂದು. ನಟರು ಇರಲಿ ಅಂತ ಕಂಪನಿ ಕಟ್ಟಿಸಿದ್ದ ಪುಟ್ಟ ಮನೆಗಳು ಹಿಂದಿನ ಬೀದಿಯಲ್ಲಿ ಇನ್ನೂ ಇವೆ, ಜನ ಸಂಸಾರ ಮಾಡುತ್ತಿದ್ದಾರೆ. ಒಂದರ ಮುಂದೆ ನಿಂತು ಫೋಟೋ ತೆಗೆದೆ. ಒಳಗಿನಿಂದ ನಾಯಿ ಬೊಗಳಿತು. ಇನ್ನು ಸ್ಟುಡಿಯೊ? ಅದನ್ನು 1933ರಲ್ಲೇ ಕೆಡವಿದ್ದಾರೆ.

“ಹಾಗಾದ್ರೆ ನೋಡೋಕೆ ಏನಿದೆ?” ಅಂದ ಮಗ.

“ಅದು ಇದ್ದ ಜಾಗ ಇದೆಯಲ್ಲ.”

ಅವನು ಸುಮ್ಮನಾದ. ಅಪ್ಪನಿಗೆ ಅರವತ್ತಾರಾಯಿತು, ಹೇಳಿ ಪ್ರಯೋಜನ ಇಲ್ಲ ಅನ್ನೋ ಸುಮ್ಮನೆ ಅದು.

ಹೊರಡುವಾಗ ಆ ಸ್ವಯಂಸೇವಕರು ಕೇಳಿದರು, ನಿಮ್ಮ ಕಡೆಯ ಮೂಕಿ ಸಿನಿಮಾ ಯಾವುದು ನೋಡಬಹುದು ಅಂತ. ಉತ್ತರ ಹೇಳೋಕೆ ಶುರು ಮಾಡಿದೆ. ಬೆಂಗಳೂರಿನಲ್ಲೇ ಸೂರ್ಯ ಫಿಲ್ಮ್ ಕಂಪನಿ ಅಂತ ಇತ್ತು, 1930ರ ಆಸುಪಾಸಿನಲ್ಲಿ ಮೂಕಿ ಸಿನಿಮಾ ತೆಗೆಯುತ್ತಿತ್ತು. ಗುಬ್ಬಿ ವೀರಣ್ಣನವರೂ ಆ ಕಾಲದಲ್ಲಿ ಮೂಕಿಗೆ ಕೈ ಹಾಕಿದ್ದರು. ಮೋಹನ್ ಭವನಾನಿಯವರ ‘ವಸಂತಸೇನಾ’ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯ ಇದ್ದರು, ನಮ್ಮ ಕೈಲಾಸಂ ಕೂಡ ಇದ್ದರು. ಸ್ವಯಂಸೇವಕರು ಪುಸ್ತಕ ತೆಗೆದು ಬರೆದುಕೊಳ್ಳೋಕೆ ಹೊರಟರು. “ಆದರೆ ತೋರಿಸೋಕೆ ನನ್ನ ಹತ್ತಿರ ಒಂದೂ ಇಲ್ಲ” ಅಂದೆ. ಇಡೀ ದೇಶದಲ್ಲಿ ಸುಮಾರು 1,300 ಮೂಕಿ ಸಿನಿಮಾ ಬಂದವು, ಉಳಿದದ್ದು ಮೂವತ್ತರ ಆಸುಪಾಸು, ಅದರಲ್ಲೂ ಎಷ್ಟೋ ಬರೀ ತುಂಡು. ಮೂಕಿ ಹೋಗಲಿ, ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’, 1934ರದ್ದು, ಅದರ ಪ್ರಿಂಟೂ ಇಲ್ಲ. ಅವರು ಪೆನ್ನು ಜೇಬಿಗಿಟ್ಟು, ನಮ್ಮಲ್ಲೂ ಅಷ್ಟೇ, ಹತ್ತರಲ್ಲಿ ಏಳು ಹೋಗಿವೆ ಅಂದರು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನಿಂತೆವು, ಸಾವಿನ ಮನೆಯಲ್ಲಿ ನಿಲ್ಲೋ ಹಾಗೆ.

ವಾಪಸು ಬರುವಾಗ ನೈಲ್ಸ್ ಕಣಿವೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದೆ. ‘ದಿ ಟ್ರ್ಯಾಂಪ್’ ಕೊನೆಯಲ್ಲಿ ಚಾಪ್ಲಿನ್ ನಮಗೆ ಬೆನ್ನು ಹಾಕಿ ಮಣ್ಣು ರಸ್ತೆಯಲ್ಲಿ ಒಬ್ಬನೇ ನಡೆದುಹೋಗುತ್ತಾನಲ್ಲ, ಭುಜ ಇಳಿಬಿಟ್ಟು? ಆಮೇಲೆ ಮೈ ಕೊಡವಿ, ಕಾಲು ಝಾಡಿಸಿ, ಲವಲವಿಕೆಯಿಂದ ಹೆಜ್ಜೆ ಹಾಕುತ್ತಾನೆ. ಅದು ಈ ಕಡೆಯದೇ. ಇಳಿದು ನಾಲ್ಕು ಹೆಜ್ಜೆ ನಡೆಯೋಣ ಅಂದುಕೊಂಡಿದ್ದೆ.

“ಇಲ್ಲಿ ನಿಲ್ಲಿಸೋ ಹಾಗಿಲ್ಲ ಅಪ್ಪ. ಹಿಂದೆ ನೋಡಿ.”

ಹಿಂದೆ ಟೆಸ್ಲಾ ಕಾರುಗಳ ಸಾಲು. ಆ ಕಾರ್ಖಾನೆಯೂ ಫ್ರೀಮಾಂಟ್‌ನಲ್ಲೇ ಇದೆ. ಕಿಟಕಿಯಿಂದಲೇ ನೋಡಿದೆ. ಕಡಿದಾದ ಗುಡ್ಡ, ಕೆಳಗೆ ತೊರೆ, ಒಂದೆರಡು ತಿರುವು. ಮುಗಿಯಿತು.

ಶುಕ್ರವಾರ, ಪಾಲೊ ಆಲ್ಟೊ

ಸೋಮವಾರದಿಂದ ಗುರುವಾರದವರೆಗೆ ಪಾರ್ಕು, ಮಂಡಿ ನೋವು, ನಿದ್ದೆ.

ಶುಕ್ರವಾರ ಸಂಜೆ ಸ್ಟ್ಯಾನ್‌ಫರ್ಡ್ ಥಿಯೇಟರ್. 1925ರಲ್ಲಿ ಕಟ್ಟಿದ್ದು. ಎಚ್‌ಪಿ ಕಂಪನಿಯ ಪ್ಯಾಕರ್ಡ್ ಅವರ ಮಗ ಡೇವಿಡ್ ಪ್ಯಾಕರ್ಡ್ ಇದನ್ನು ಹಿಡಿದು, ಮೊದಲಿದ್ದ ಹಾಗೇ ರಿಪೇರಿ ಮಾಡಿಸಿ, 1989ರಲ್ಲಿ ಮತ್ತೆ ತೆರೆದರು. ಹೊಸ ಸಿನಿಮಾ ಹಾಕೋದೇ ಇಲ್ಲ. ದುಡ್ಡಿದ್ದವರು ಏನೇನೋ ಮಾಡುತ್ತಾರೆ, ಇಂಥದ್ದನ್ನೂ ಒಬ್ಬರು ಮಾಡಿದರಲ್ಲ ಅಂತ ಖುಷಿಯಾಯಿತು. ಹೊರಗೆ ಬೀದಿ ತುಂಬ ಹೊಸ ಹೊಸ ಕಂಪನಿ ಹುಡುಗರು ಫೋನ್ ನೋಡುತ್ತ ಓಡಾಡುತ್ತಾರೆ, ಒಳಗೆ ಕೆಂಪು ಪರದೆ, ಚಿತ್ತಾರದ ಚಾವಣಿ.

ಆವತ್ತು ಇದ್ದದ್ದು ಎರಡು ಮಾತಿನ ಸಿನಿಮಾ, 1930ರ ದಶಕದವು. ಚೆನ್ನಾಗಿದ್ದವು. ಆದರೆ ನಾನು ಹೋದದ್ದು ವುರ್ಲಿಟ್ಜರ್ ಆರ್ಗನ್ ಕೇಳೋಕೆ.

ಮೂಕಿ ಕಾಲದಲ್ಲಿ ದೊಡ್ಡ ಥಿಯೇಟರಿಗೆಲ್ಲ ಇಂಥದ್ದೊಂದು ಇರುತ್ತಿತ್ತು. ಒಬ್ಬ ಮನುಷ್ಯ ಇಡೀ ವಾದ್ಯಗೋಷ್ಠಿಯ ಕೆಲಸ ಮಾಡೋದಕ್ಕೆ. ದೀಪ ಮಂಕಾದ ಮೇಲೆ ಪರದೆಯ ಮುಂದಿನ ಹಳ್ಳದಿಂದ ಆರ್ಗನ್ ಮೆಲ್ಲಗೆ ಮೇಲೆದ್ದು ಬಂತು, ಬಾರಿಸೋರ ಸಮೇತ. ನಾಟಕದಲ್ಲಿ ದೇವರು ಪ್ರತ್ಯಕ್ಷ ಆದ ಹಾಗೆ. ಕುದುರೆ ಲಾಳದ ಆಕಾರದಲ್ಲಿ ಸುತ್ತ ಬಣ್ಣಬಣ್ಣದ ಪಟ್ಟಿಗಳು, ಹಲ್ಲುಗಳ ಸಾಲಿನಂತೆ. ಒಂದನ್ನು ಒತ್ತಿದರೆ ಕೊಳಲು, ಇನ್ನೊಂದಕ್ಕೆ ಕಹಳೆ. ಗೋಡೆಯ ಹಿಂದೆ ನಿಜವಾದ ಡೋಲು, ಗಂಟೆ, ತಾಳ ಎಲ್ಲ ಇಟ್ಟಿರುತ್ತಾರೆ, ಗಾಳಿಯ ಒತ್ತಡಕ್ಕೆ ಅವೇ ಬಡಿಯುತ್ತವೆ. ಕೈ ಎರಡು, ಕಾಲು ಎರಡು, ನಾಲ್ಕೂ ಬೇರೆ ಬೇರೆ ಕೆಲಸದಲ್ಲಿ. ತಗ್ಗಿನ ಸ್ವರ ಬಂದಾಗ ಸೀಟಿನ ಹಿಡಿ ನಡುಗಿತು. ನನ್ನಾಕೆ ನನ್ನ ಕೈ ಹಿಡಿದಳು. ಪ್ರೀತಿಗಲ್ಲ, ಭೂಕಂಪ ಅಂದುಕೊಂಡು.

ಎರಡನೇ ಶನಿವಾರ, ದಕ್ಷಿಣಕ್ಕೆ

ಬೆಳಿಗ್ಗೆ ಆರಕ್ಕೆ ಹೊರಟೆವು. ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ. ಐದೂ ಜನ.

ಮೊದಲ ನಿಲುಗಡೆ ಸಾನ್ ಹ್ವಾನ್ ಬಾಟಿಸ್ಟಾ. ಪುಟ್ಟ ಊರು, 1797ರಲ್ಲಿ ಶುರುವಾದ ಮಿಷನ್ನಿನ ಹಳೇ ಚರ್ಚು. ನಿರ್ದೇಶಕ ಹಿಚ್‌ಕಾಕ್‌ನ ‘ವರ್ಟಿಗೊ’ದ ಮುಖ್ಯ ದೃಶ್ಯಗಳನ್ನು ಇಲ್ಲಿ ತೆಗೆದದ್ದು, ಅದು ಬಂದದ್ದು 1958ರಲ್ಲಿ. ನಾಯಕನಿಗೆ ಎತ್ತರ ಕಂಡರೆ ತಲೆ ಸುತ್ತು, ನಾಯಕಿ ಚರ್ಚಿನ ಗೋಪುರ ಹತ್ತಿ ಓಡುತ್ತಾಳೆ. ಆ ಗೋಪುರದ ಮೆಟ್ಟಿಲನ್ನು ನೋಡಿದವರು ಮರೆಯೋದಿಲ್ಲ. ಕತೆಯನ್ನು ಪುಟ್ಟಿಗೆ ಅವಳ ವಯಸ್ಸಿಗೆ ತಕ್ಕಂತೆ ಕಾರಿನಲ್ಲೇ ಹೇಳಿದ್ದೆ.

ಇಳಿದವಳೇ ಕೇಳಿದಳು. “ತಾತ, ಟವರ್ ಎಲ್ಲಿ?”

ಟವರ್ ಇಲ್ಲ. ಸಿನಿಮಾ ತೆಗೆಯುವಾಗಲೂ ಇರಲಿಲ್ಲ. ಮೊದಲು ಒಂದು ಇತ್ತು, ಮರ ಕೊಳೆತು ತೆಗೆಸಿದ್ದರು. ಹಿಚ್‌ಕಾಕ್ ಗೋಪುರದ ಚಿತ್ರ ಬರೆಸಿ, ಪರದೆಯ ಮೇಲೆ ಮಾತ್ರ ಚರ್ಚಿಗೆ ಕೂರಿಸಿದ. ಒಳಗಿನ ಮೆಟ್ಟಿಲು ಸ್ಟುಡಿಯೊದಲ್ಲಿ ಕಟ್ಟಿದ್ದು. ಮುಂದಿನ ಹುಲ್ಲುಹಾಸು, ಉದ್ದನೆಯ ಕಮಾನಿನ ಜಗಲಿ ಮಾತ್ರ ಸಿನಿಮಾದಲ್ಲಿದ್ದ ಹಾಗೇ ಇವೆ. ಜಗಲಿಯಲ್ಲಿ ಕೂತು ಚಿತ್ರಾನ್ನ ತಿಂದೆವು. ಸೊಸೆ ಗಂಡನ ಕಡೆ ನೋಡಿ, “ಮೊದಲು ಇಲ್ಲದ ಸ್ಟುಡಿಯೊ, ಈಗ ಇಲ್ಲದ ಗೋಪುರ. ಮುಂದೆ ಏನು ಮಾವ?” ಅಂದಳು.

ಮುಂದೆ ಇಲ್ಲದ ನಗರ.

ಗ್ವಾಡಲೂಪೆ ಸಮುದ್ರದ ಹತ್ತಿರದ ಸಣ್ಣ ಊರು, ಸುತ್ತ ತರಕಾರಿ ಹೊಲ, ಆಚೆ ಮರಳ ದಿಬ್ಬ. 1923ರಲ್ಲಿ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ‘ದಿ ಟೆನ್ ಕಮಾಂಡ್‌ಮೆಂಟ್ಸ್’ ಮೂಕಿಗೆ ಇಲ್ಲಿ ಈಜಿಪ್ಟಿನ ನಗರ ಕಟ್ಟಿಸಿದ. ನೂರು ಅಡಿ ಮೀರಿದ ಗೋಡೆ, ಈಜಿಪ್ಟಿನ ದೊರೆ ಫೆರೋನ ನಾಲ್ಕು ದೈತ್ಯ ವಿಗ್ರಹ, ಸಿಂಹದ ಮೈ ಮನುಷ್ಯನ ತಲೆಯ ಇಪ್ಪತ್ತೊಂದು ಸ್ಫಿಂಕ್ಸ್. ಚಿತ್ರೀಕರಣ ಮುಗಿದ ಮೇಲೆ ಎಲ್ಲ ಕೆಡವಿ ಅಲ್ಲೇ ಮರಳಲ್ಲಿ ಹೂತುಬಿಟ್ಟ. ಬೇರೆ ನಿರ್ಮಾಪಕರು ಬಂದು ಅದೇ ಸೆಟ್ಟಲ್ಲಿ ಪುಕ್ಕಟೆ ಸಿನಿಮಾ ತೆಗೆಯದಿರಲಿ ಅಂತ ಅನ್ನುತ್ತಾರೆ. ಸಾಗಿಸೋ ಖರ್ಚು ಉಳಿಸೋಕೆ ಅಂತಲೂ ಅನ್ನುತ್ತಾರೆ. ನನಗೆ ಎರಡನೆಯದೇ ನಿಜ ಅನ್ನಿಸುತ್ತೆ, ಲೆಕ್ಕದ ಮನುಷ್ಯ ನಾನು. ಮುಂದೆ ಸಾವಿರ ವರ್ಷಕ್ಕೆ ಯಾರಾದರೂ ಅಗೆದರೆ ಈಜಿಪ್ಟಿನವರು ಅಮೆರಿಕಕ್ಕೂ ಬಂದಿದ್ದರು ಅಂದುಕೊಂಡಾರು ಅಂತ ಡಿಮಿಲ್ ತನ್ನ ಆತ್ಮಕಥೆಯಲ್ಲಿ ತಮಾಷೆ ಮಾಡಿದ್ದಾನೆ.

ಸಾವಿರ ವರ್ಷ ಬೇಕಾಗಲಿಲ್ಲ. 1983ರಲ್ಲಿ ಪೀಟರ್ ಬ್ರಾಸ್ನನ್ ಅನ್ನೋ ಸಿನಿಮಾ ಹುಚ್ಚ ಆ ತಮಾಷೆಯ ಮಾತಿನ ಜಾಡು ಹಿಡಿದು ಹುಡುಕಿಕೊಂಡು ಬಂದ. ಜಾಗ ಸಿಕ್ಕಿತು. ಅಗೆಯೋಕೆ ದುಡ್ಡು, ಪರವಾನಗಿ ಸಿಗೋಕೆ ದಶಕಗಳೇ ಹೋದವು. 2012ರಲ್ಲಿ ಒಂದು ಸ್ಫಿಂಕ್ಸ್ ತಲೆ ಸಿಕ್ಕಿತು.

ಊರಿನ ಮ್ಯೂಸಿಯಂನಲ್ಲಿ ಸಿಕ್ಕಿದ ಚೂರುಗಳನ್ನು ಇಟ್ಟಿದ್ದಾರೆ. ಗಾಜಿನ ಹತ್ತಿರ ಮೂಗು ತಂದು ನೋಡಿದೆ. ಕಲ್ಲಲ್ಲ, ಪ್ಲಾಸ್ಟರ್ ಆಫ್ ಪ್ಯಾರಿಸ್. ಒಳಗೆ ಟೊಳ್ಳು, ಅಂಚು ಬಿಸ್ಕತ್ತಿನಂತೆ ಮುರಿದಿದೆ.

“ನಮ್ಮ ಗಣಪತಿ ವಿಗ್ರಹದ ಮಾಲೇ ಇದು” ಅಂದಳು ನನ್ನಾಕೆ. “ಕೆರೆಗೆ ಬಿಡೋ ಬದಲು ಮರಳಿಗೆ ಬಿಟ್ಟಿದ್ದಾರೆ.”

ಇಷ್ಟು ವರ್ಷ ನಾನು ಓದಿದ ಯಾವ ಪುಸ್ತಕವೂ ಅದನ್ನು ಅಷ್ಟು ಚೆನ್ನಾಗಿ ಹೇಳಿಲ್ಲ.

ದಿಬ್ಬದ ಕಡೆ ಹೋದೆವು. ಜೂನ್ ತಿಂಗಳು, ಸಮುದ್ರದಿಂದ ದಟ್ಟ ಮಂಜು. ಹತ್ತು ಮಾರು ಆಚೆ ಏನೂ ಕಾಣಿಸುತ್ತಿಲ್ಲ. ಗಾಳಿಗೆ ಮರಳು ಕಣ್ಣಿಗೆ ಎರಚುತ್ತಿತ್ತು. ದಡದಲ್ಲಿ ಒಂದು ಪುಟ್ಟ ಹಕ್ಕಿ ಮೊಟ್ಟೆ ಇಡೋ ಕಾಲ, ಅದಕ್ಕೆ ಅಲ್ಲಲ್ಲಿ ಹೋಗಬೇಡಿ ಅನ್ನೋ ಫಲಕ. ಮಗ ಜಾಕೆಟ್ಟಿನೊಳಗೆ ತಲೆ ಹುದುಗಿಸಿ ನಿಂತಿದ್ದ. ನಾನು ಮಂಜನ್ನೇ ನೋಡುತ್ತ ಹತ್ತು ನಿಮಿಷ ನಿಂತೆ. ಒಳ್ಳೇ ಪರದೆ ಅದು, ಬೇಕಾದ್ದು ಮೂಡಿಸಿಕೊಳ್ಳಬಹುದು. ರಾತ್ರಿ ಸಾಂಟಾ ಮರಿಯಾದ ಹೋಟೆಲಲ್ಲಿ ಬೂಟು ಕೊಡವಿದರೆ ಅರ್ಧ ಲೋಟ ಮರಳು. ಎಸೆಯಲಿಲ್ಲ, ಚಕ್ಕುಲಿ ಕವರಿಗೆ ಹಾಕಿಕೊಂಡೆ.

ಎರಡನೇ ಭಾನುವಾರ, ಹಾಲಿವುಡ್

ಹಾಲಿವುಡ್ ಬೋಲೆವಾರ್ಡ್ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಕ್ಷತ್ರಗಳ ಫುಟ್‌ಪಾತ್, ಸ್ಪೈಡರ್‌ಮ್ಯಾನ್ ವೇಷದವರು, ಜನಜಂಗುಳಿ. 1927ರ ಚೈನೀಸ್ ಥಿಯೇಟರ್ ಅಂಗಳದಲ್ಲಿ ತಾರೆಯರ ಹೆಜ್ಜೆ ಗುರುತು ನೋಡಿದೆವು. ಅದರ ಮೊದಲ ಸಿನಿಮಾವೂ ಡಿಮಿಲ್‌ನ ಮೂಕಿಯೇ. ಸಾಕು.

ನನಗೆ ಬೇಕಾಗಿದ್ದದ್ದು ಅಲ್ಲೇ ಸ್ವಲ್ಪ ದೂರದಲ್ಲಿ, ಕವೆಂಗಾ ರಸ್ತೆಯಿಂದ ಒಳಗೆ ಹೋಗೋ ಒಂದು ಸಂದಿ. ಎರಡು ಕಡೆ ಇಟ್ಟಿಗೆ ಗೋಡೆ, ಕಸದ ಡಬ್ಬಿ, ಎಣ್ಣೆ ವಾಸನೆ. ಚಾಪ್ಲಿನ್ ‘ದಿ ಕಿಡ್’ನಲ್ಲಿ, ಕೀಟನ್ ‘ಕಾಪ್ಸ್’ನಲ್ಲಿ, ಹೆರಾಲ್ಡ್ ಲಾಯ್ಡ್ ‘ಸೇಫ್ಟಿ ಲಾಸ್ಟ್’ನಲ್ಲಿ, ಮೂವರೂ ಈ ಒಂದೇ ಸಂದಿಯಲ್ಲಿ ಚಿತ್ರೀಕರಣ ಮಾಡಿದ್ದಾರೆ. 1921, 22, 23, ವರ್ಷಕ್ಕೊಬ್ಬರ ಸಿನಿಮಾದಂತೆ. ಇದನ್ನು ಕಂಡುಹಿಡಿದದ್ದು ಜಾನ್ ಬೆಂಗ್ಟ್‌ಸನ್ ಅನ್ನೋ ವಕೀಲರು. ಹಳೇ ಸಿನಿಮಾದ ಒಂದೊಂದು ಚಿತ್ರ ನಿಲ್ಲಿಸಿ, ಹಳೇ ನಕ್ಷೆ, ಫೋಟೋ ಜೊತೆ ಹೋಲಿಸಿ, ಯಾವ ಕಿಟಕಿ ಯಾವ ಬೀದಿಯದು ಅಂತ ಪತ್ತೆ ಹಚ್ಚುತ್ತಾರೆ. ಅಭಿಮಾನ ಅಂದರೆ ಇದಪ್ಪ.

‘ಕಾಪ್ಸ್’ನಲ್ಲಿ ಪೊಲೀಸರ ದಂಡೇ ಕೀಟನ್‌ನ ಹಿಂದೆ ಬಿದ್ದಿದೆ. ಅವನು ಸಂದಿಯ ಬಾಯಲ್ಲಿ ಬಂದು ನಿಲ್ಲುತ್ತಾನೆ. ಕಾರೊಂದು ಹಾದುಹೋಗುತ್ತೆ. ಅದರ ಹಿಂಭಾಗವನ್ನು ಒಂದೇ ಕೈಯಲ್ಲಿ ಹಿಡಿಯುತ್ತಾನೆ. ಮರುಕ್ಷಣ ಅವನ ಮೈ ನೆಲಕ್ಕೆ ಅಡ್ಡಲಾಗಿ, ಬಾವುಟದಂತೆ ಹಾರಿ, ಕಾರಿನ ಜೊತೆಗೇ ಹೊರಟುಹೋಗುತ್ತೆ. ಮುಖದಲ್ಲಿ ಏನೂ ಇಲ್ಲ, ಬಿಎಂಟಿಸಿ ಬಸ್ಸು ಹತ್ತಿದವನ ಮುಖ. ಫೋನಿನಲ್ಲಿ ಆ ಚಿತ್ರ ತೆಗೆದು ಗೋಡೆಗೆ ಹಿಡಿದು ನೋಡಿದೆ. ಮೂಲೆಯ ಕಟ್ಟಡ ಅದೇ.

ಪುಟ್ಟಿ ಆ ತುಣುಕನ್ನು ಆರು ಸಲ ನೋಡಿದಳು. ಆಮೇಲೆ ಸಂದಿಯ ಆ ತುದಿಯಿಂದ ಈ ತುದಿಗೆ ಓಡಿ ಬಂದು, ಗಕ್ಕನೆ ನಿಂತು, ಗಾಳಿಯಲ್ಲಿ ಕೈ ಚಾಚಿದಳು. ಹೋಟೆಲಿನ ಹಿಂಬಾಗಿಲಿನಿಂದ ಕಸ ಹಾಕೋಕೆ ಬಂದ ಹುಡುಗ ಡಬ್ಬಿ ಹಿಡಿದುಕೊಂಡೇ ನೋಡುತ್ತ ನಿಂತ. ಅವಳ ಮುಖದಲ್ಲೂ ಏನೂ ಇರಲಿಲ್ಲ. ಪಾಠ ಚೆನ್ನಾಗಿ ಕಲಿತಿದ್ದಳು.

ಲಾ ಬ್ರೇಯಾ ರಸ್ತೆಯಲ್ಲಿ ಚಾಪ್ಲಿನ್ ತಾನೇ ಕಟ್ಟಿಸಿದ ಸ್ಟುಡಿಯೊ ಹೊರಗಿನಿಂದ ಮಾತ್ರ ಕಂಡಿತು, ಇಂಗ್ಲೆಂಡಿನ ಹಳ್ಳಿ ಮನೆಗಳ ಸಾಲಿನ ಹಾಗೆ. ನಾನು ನೋಡಿದಾಗ ಗೇಟಿನ ಮೇಲೆ ಟಿವಿ ಬೊಂಬೆಯಾಟದ ಕಪ್ಪೆ ಕರ್ಮಿಟ್ ಚಾಪ್ಲಿನ್ ಟೋಪಿ ಹಾಕಿಕೊಂಡು ನಿಂತಿತ್ತು. ಕಪ್ಪೆಗೆ ಕೈಮುಗಿದು ಹೊರಟೆ.

ಕೊನೆಗೆ ಸಿಲ್ವರ್ ಲೇಕ್‌ನ ಮೆಟ್ಟಿಲು. ಲಾರೆಲ್ ಹಾರ್ಡಿ ‘ದಿ ಮ್ಯೂಸಿಕ್ ಬಾಕ್ಸ್’ನಲ್ಲಿ ಪಿಯಾನೋ ಹೊತ್ತದ್ದು ಇಲ್ಲೇ. 1932ರದ್ದು, ಟಾಕಿ, ಆಸ್ಕರ್ ಕೂಡ ಬಂತು. ಆದರೆ ಇದೇ ಮೆಟ್ಟಿಲ ಮೇಲೆ ಅವರು ಐದು ವರ್ಷ ಮೊದಲೇ ಒಂದು ಮೂಕಿ ತೆಗೆದಿದ್ದರು, ‘ಹ್ಯಾಟ್ಸ್ ಆಫ್’ ಅಂತ. ಅದರಲ್ಲಿ ಹೊರೋದು ಬಟ್ಟೆ ಒಗೆಯೋ ಯಂತ್ರ. ಆ ಸಿನಿಮಾ ಈಗ ಎಲ್ಲೂ ಇಲ್ಲ. ಒಂದು ಪ್ರಿಂಟೂ ಸಿಕ್ಕಿಲ್ಲ. ಕೆಲವು ಫೋಟೋ ಉಳಿದಿವೆ, ಈ ಮೆಟ್ಟಿಲು ಉಳಿದಿದೆ.

ಎರಡು ಮನೆಗಳ ನಡುವೆ ನೆಟ್ಟಗೆ ಮೇಲೇರೋ ಸಿಮೆಂಟು ಮೆಟ್ಟಿಲು. 133 ಅಂತ ಎಲ್ಲ ಕಡೆ ಬರೆದಿದ್ದಾರೆ. ನಾನೂ ಪುಟ್ಟಿಯೂ ಎಣಿಸುತ್ತ ಹೊರಟೆವು. ನನ್ನಾಕೆ ನಲವತ್ತಕ್ಕೇ ಕೂತಳು. “ಪಿಯಾನೋ ಇಲ್ದೇನೇ ಇಷ್ಟು ಏದುಸಿರು” ಅಂದಳು. ಎಂಬತ್ತರ ಹತ್ತಿರ ನಾನೂ ನಿಂತು ಬೆವರು ಒರೆಸಿಕೊಂಡೆ, ನಂಬರ್ ಬಾಯಲ್ಲಿ ಹೇಳಿಕೊಳ್ಳುತ್ತಲೇ.

ತುದಿ ಮುಟ್ಟಿದಾಗ ಅಲ್ಲಿ ನಮ್ಮದೇ ಕಾರು. ಮಗ ಬಾನೆಟ್ಟಿಗೆ ಒರಗಿ ನಿಂತಿದ್ದ.

“ಅಪ್ಪ, ಮೇಲೆ ರಸ್ತೆ ಇದೆ.”

ಆ ಸಿನಿಮಾ ನೋಡಿದವರಿಗೆ ನಾನು ಯಾಕೆ ಅಲ್ಲೇ ಕುಸಿದು ಕೂತು ನಕ್ಕೆ ಅಂತ ಗೊತ್ತಾಗುತ್ತೆ. ಲಾರೆಲ್ ಹಾರ್ಡಿ ಪ್ರಾಣ ಹೋಗೋ ಹಾಗೆ ಪಿಯಾನೋ ಹೊತ್ತು ಮೇಲೆ ತಂದ ಮೇಲೆ ಅಂಚೆಯವನು ಬಂದು ಇದೇ ಮಾತು ಹೇಳುತ್ತಾನೆ. ಅವರು ಪಾಪ, ಪಿಯಾನೋವನ್ನು ವಾಪಸು ಕೆಳಗೆ ಇಳಿಸುತ್ತಾರೆ, ರಸ್ತೆಯಲ್ಲಿ ತರೋಕೆ. ಮಗ ಆ ಸಿನಿಮಾ ನೋಡಿಲ್ಲ. ನಿಜವಾಗಲೂ ದಾರಿ ಹೇಳಿದ್ದ.

“ನೂರಾಮೂವತ್ತಮೂರು” ಅಂದೆ, ಉಸಿರು ಸಿಕ್ಕ ಮೇಲೆ.

“ನೂರಾಮೂವತ್ತೊಂದು” ಅಂದಳು ಪುಟ್ಟಿ.

“ತಾತ ಮೂವತ್ತನಾಲ್ಕು ವರ್ಷ ದುಡ್ಡು ಎಣಿಸಿದ್ದಾರೆ ಕಣೇ.”

“ಇದು ದುಡ್ಡಲ್ಲ ತಾತ.”

ಇಳಿಯುತ್ತ ಎಣಿಸಿದೆವು. ಈ ಸಲ ನನಗೆ 132 ಬಂತು. ಎಲ್ಲಿ ತಪ್ಪಿತು ಅಂತ ಯೋಚಿಸುತ್ತ ನಿಂತಿದ್ದೆ. ಮೇಲಿನಿಂದ ಮಗ ಕೂಗುತ್ತಿದ್ದ, ಟ್ರಾಫಿಕ್ ಶುರುವಾಗುತ್ತೆ ಬನ್ನಿ ಅಂತ. ಪುಟ್ಟಿ ಆಗಲೇ ಮೂರನೇ ಎಣಿಕೆಗೆ ಮತ್ತೆ ಹತ್ತೋಕೆ ಶುರು ಮಾಡಿದ್ದಳು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ಒಂದು ಸಲ ತಟ್ಟಿ, ಗಟ್ಟಿಯಾಗಿ, ಕನ್ನಡದಲ್ಲಿ ಎಣಿಸುತ್ತ.